ಬ್ಯಾರನ್ನಿನಲ್ಲಿ ಬೆಂದ ಹಾಳೆಗಳು

ಹೆಗ್ಗಡದೇವನಕೋಟೆ
ಸೋಮವಾರ, ಏಪ್ರಿಲ್ ೬, ೨೦೦೯

ಶಿವಶಂಕರ ಅವರಿಗೆ,

ಕ್ಷೇಮವೇ ಎಂದು ಕೇಳಿ ಕಾಗದ ಶುರು ಮಾಡುವುದು ವಾಡಿಕೆ. ನಾನು ಕೇಳುವುದಿಲ್ಲ. ನೀವು ಕ್ಷೇಮವಾಗಿಲ್ಲ ಎಂಬುದು ನನಗೆ ಗೊತ್ತು, ಯಾಕೆ ಇಲ್ಲ ಎಂಬುದೂ ಗೊತ್ತು.

ನಿಮ್ಮ ಕಾಗದ ಜನವರಿ ಹನ್ನೆರಡಕ್ಕೇ ನನ್ನ ಕೈ ಸೇರಿತ್ತು. ನಾಲ್ಕು ಪುಟ ಬರೆದಿದ್ದಿರಿ. ಎರಡು ಸಾವಿರದ ಐದನೇ ಇಸವಿ ಆಗಸ್ಟಿನ ನನ್ನ ನೋಟ್‌ಬುಕ್ಕು, ಆ ಬ್ಯಾಚಿನಲ್ಲಿ ಉಳಿದ ಪ್ಲಾಸ್ಟಿಕ್ ಹಾಳೆಗಳು, ಇವೆರಡನ್ನು ಕಳಿಸಿದರೆ ಸಾಕು ಎಂದಿದ್ದಿರಿ. ತಿದ್ದಿದ ಥೀಸಿಸನ್ನು ಮಾರ್ಚ್ ಮೂವತ್ತೊಂದರೊಳಗೆ ಕೊಡದಿದ್ದರೆ ಡಾಕ್ಟರೇಟು ಇನ್ನೆಂದಿಗೂ ಇಲ್ಲ, ಈಗ ಪಿರಿಯಾಪಟ್ಟಣದ ಕಾಲೇಜಿನಲ್ಲಿ ಮಾಡುತ್ತಿರುವ ಪಾಠವೂ ಹೋಗುತ್ತದೆ ಎಂದಿದ್ದಿರಿ. 'ತಪ್ಪೆಲ್ಲ ನಂದೇ ಶಾಂತಲಾ, ಯಾರ ಮುಂದೆ ಬೇಕಾದರೂ ಬರೆದುಕೊಡುತ್ತೇನೆ' ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದಿರಿ.

ಇವತ್ತು ಏಪ್ರಿಲ್ ಆರು. ನಿಮ್ಮ ಕಾಗದ ಕಳೆದುಹೋಗಿರಲಿಲ್ಲ, ನನಗೆ ಹುಷಾರು ತಪ್ಪಿರಲಿಲ್ಲ, ಕೆಲಸದ ಒತ್ತಡವೂ ಇರಲಿಲ್ಲ. ಸ್ಟಾಫ್ ರೂಮಿನ ನನ್ನ ಡ್ರಾಯರಿನಲ್ಲಿ, ಪ್ರಶ್ನೆಪತ್ರಿಕೆಗಳ ಕೆಳಗೆ, ಅದು ಭದ್ರವಾಗಿತ್ತು. ಬೇಕಂತಲೇ ಉತ್ತರ ಬರೆಯಲಿಲ್ಲ. ಗಡುವು ಮುಗಿಯಲಿ ಎಂದು ಕಾದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಓದುವಾಗ ನಿಮಗೆ ಸುಳ್ಳು ಆಸೆ ಇರುವುದಿಲ್ಲ.

ಮೈಸೂರಿನ ಆ ಲ್ಯಾಬಿಗೆ ನಾನು ಬಂದಾಗ ಹುಣಸೂರು ಕಡೆಯವರು ಅಂತ ಇದ್ದದ್ದು ನೀವೊಬ್ಬರೇ. ಉಳಿದವರ ಮುಂದೆ ಇಬ್ಬರೂ ಇಸ್ತ್ರಿ ಮಾಡಿದ ಕನ್ನಡ ಆಡುತ್ತಿದ್ದೆವು. ಶನಿವಾರ ಮಧ್ಯಾಹ್ನ ಊರಿನ ಬಸ್ಸು ಹತ್ತಿದ ಮೇಲೆ ನಾಲಿಗೆ ಸಡಿಲವಾಗುತ್ತಿತ್ತು. ನೀವು ಮೊದಲೇ ಹೋಗಿ ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿ ಕಾಯುತ್ತಿದ್ದಿರಿ. ನಾನು ಹುಣಸೂರಿನಲ್ಲಿ ಇಳಿದು ಕಟ್ಟೆಮಳಲವಾಡಿಗೆ ಹೋಗುವವಳು, ನೀವು ಮುಂದಕ್ಕೆ ಕಂಪಲಾಪುರದವರೆಗೆ. ಅಷ್ಟು ದೂರ ನನಗೆ ಪಾಠ ನಡೆಯುತ್ತಿತ್ತು. ಎಂಎಸ್ಸಿಯಲ್ಲಿ ಇಂಗ್ಲಿಷಿನಲ್ಲಿ ಉರು ಹೊಡೆದು ಪಾಸಾದವಳಿಗೆ ನೀವು ಬಸ್ಸಿನಲ್ಲಿ ಹೇಳಿದ್ದೇ ಮೊದಲು ಅರ್ಥವಾದದ್ದು.

'ಪಾಲಿಮರ್ ಅಂದ್ರೆ ಉದ್ದುದ್ದ ಎಳೆ ಕಣಮ್ಮಿ. ಅಂಗೇ ಬುಟ್ರೆ ಒಂದ್ರ ಮ್ಯಾಲೊಂದು ಜಾರ್ಕಂಡು ಓಯ್ತವೆ. ಮದ್ದೆ ಒಂಚೂರು ನ್ಯಾನೊ ಪುಡಿ ಆಕು, ಇಡ್ಕತವೆ. ಜಾಸ್ತಿ ಆಕುದ್ರೆ ಪುಡಿಪುಡಿನೇ ಸೇರ್ಕಂಡು ಗಂಟಾಗಿ ಅಲ್ಲೇ ಅರ್ದೋಯ್ತದೆ. ಗಾಮಾ ಕಿರಣನೂ ಅಂಗೆಯ. ಇತಮಿತವಾಗಿ ಬುಟ್ರೆ ಎಳೆಗೂ ಎಳೆಗೂ ಬೆಸುಗೆ ಬೀಳ್ತದೆ, ಮಿತಿ ಮೀರುದ್ರೆ ಎಳೆನೇ ತುಂಡಾಯ್ತದೆ.'

ಈಗಲೂ ಪಿಯುಸಿ ಮಕ್ಕಳಿಗೆ ನಾನು ಹೇಳುವುದು ಇದೇ ಮಾತು. ನಿಮ್ಮ ಹೆಸರು ಮಾತ್ರ ಹೇಳುವುದಿಲ್ಲ.

ಜೂನಿನಲ್ಲಿ ನಾನು ಮೊದಲ ಬ್ಯಾಚು ಮಾಡಿದೆ. ಬಿಸಿನೀರಿನಲ್ಲಿ ಪಾಲಿಮರ್ ಕರಗಿಸಿ, ಜಿಂಕ್ ಆಕ್ಸೈಡಿನ ಪುಡಿಯನ್ನು ನೂರಕ್ಕೆ ಒಂದರಂತೆ ಬೆರೆಸಿ, ಗಾಜಿನ ತಟ್ಟೆಗಳಿಗೆ ಹುಯ್ದು, ಲ್ಯಾಬಿನ ವ್ಯಾಕ್ಯೂಮ್ ಓವನ್ನಿನಲ್ಲಿ ನಲವತ್ತು ಡಿಗ್ರಿಗೆ ಎರಡು ದಿನ ಒಣಗಿಸಿದೆ. ಗಾಜಿನಷ್ಟು ತಿಳಿಯಾದ ಹಾಳೆಗಳು ಎದ್ದು ಬಂದವು. ಕಿರಣ ತಾಗಿಸದೆ, ಹೋಲಿಸಿ ನೋಡುವುದಕ್ಕೆ ಇಟ್ಟುಕೊಂಡದ್ದು ಇವನ್ನೇ. ಜುಲೈನಲ್ಲಿ ಓವನ್ ಕೆಟ್ಟು ರಿಪೇರಿಗೆ ಹೋಯಿತು. ಗಾಮಾ ಕಿರಣ ತಾಗಿಸಲು ಕಳಿಸುವ ಎರಡನೇ ಬ್ಯಾಚು ಆಗಸ್ಟಿನಲ್ಲಿ ಆಗಲೇಬೇಕಿತ್ತು. ಊರಲ್ಲಿ ಒಣಗಿಸಿ ತರುತ್ತೇನೆ ಎಂದೆ. 'ಎಲ್ಲಾರ ಒಣಗ್ಸು, ಈ ಸೋಮವಾರ ಕಳ್ದು ಬರೋ ಸೋಮವಾರಕ್ಕೆ ನನ್ನ ಮೇಜಿನ್ ಮ್ಯಾಲೆ ಇರ್ಬೇಕು' ಎಂದಿರಿ. ಎಲ್ಲಿ ಎಂದು ಕೇಳಲಿಲ್ಲ.

ನಮ್ಮೂರಲ್ಲಿ ಒಂದೇ ಹದದ ಶಾಖ ಸಿಗುವ ಜಾಗ ಎಂದರೆ ಹೊಗೆಸೊಪ್ಪಿನ ಬ್ಯಾರನ್ನು, ಸೊಪ್ಪು ನೇತುಹಾಕಿ ಒಲೆಯ ಬಿಸಿಗೆ ಹದ ಮಾಡುವ ಮನೆ. ನಮ್ಮಪ್ಪ ಸಣ್ಣಬೀರಯ್ಯ ಮೂವತ್ತು ವರ್ಷದಿಂದ ಸೊಪ್ಪು ಬೇಯಿಸುವವರು. ಬಾಗಿಲಿನ ಗಾಜಿನ ಕಿಂಡಿಯಲ್ಲಿ ಥರ್ಮಾಮೀಟರ್ ನೋಡಿ, ಒಲೆಗೆ ಸೌದೆ ಎಷ್ಟು ಬೇಕು ಎಂದು ಹೇಳಬಲ್ಲವರು. ಮೊದಲೆರಡು ದಿನ ಸೊಪ್ಪು ಹಳದಿಗೆ ತಿರುಗುವ ತನಕ ಶಾಖ ನಲವತ್ತರ ಹತ್ತಿರವೇ ಇರುತ್ತದೆ. ನನ್ನ ತಟ್ಟೆಗಳಿಗೆ ಬೇಕಾದದ್ದೂ ಅಷ್ಟೇ. ಕೆಳಗಿನ ಅಟ್ಟಣೆಗೆ ಹಲಗೆ ಹಾಕಿ ತಟ್ಟೆಗಳನ್ನು ಜೋಡಿಸಿದೆ. ಎರಡು ದಿನ ಕಳೆದು ತೆಗೆಯೋಣ ಎಂದು ಹೋದರೆ ಅಪ್ಪ ಬಾಗಿಲಿಗೆ ಅಡ್ಡ ನಿಂತರು.

'ಮದ್ದೇಲಿ ಬಾಗ್ಲು ತಗುದ್ರೆ ಸೊಪ್ಪೆಲ್ಲ ಕಪ್ಪಾಯ್ತದೆ ಕಣವ್ವ. ನಿನ್ ನಾಕು ತಟ್ಟೆಗೋಸ್ಕರ ಒಂದು ಬ್ಯಾರನ್ ಸೊಪ್ಪು ತಿಪ್ಪೆಗೆ ಸುರಿಯಕಾಯ್ತದಾ? ಬೇಯೋಗಂಟ ತಡ್ಕ.'

ಬ್ಯಾರನ್ನಿನ ಬಾಗಿಲು ಹಾಕಿ ಒಲೆ ಹಚ್ಚಿದ ಮೇಲೆ ನಡುವೆ ತೆಗೆಯುವಂತಿಲ್ಲ. ಅದು ನಮ್ಮ ಕಡೆ ಮಗುವಿಗೂ ಗೊತ್ತಿರುವ ವಿಷಯ, ನನಗೆ ತಲೆಗೆ ಹೊಳೆದಿರಲಿಲ್ಲ. ಐದು ದಿನ ತಟ್ಟೆಗಳು ಸೊಪ್ಪಿನ ಜೊತೆ ಬೆಂದವು. ಶಾಖ ಕೊನೆಗೆ ಎಪ್ಪತ್ತಕ್ಕೆ ಏರಿತು. ಅಪ್ಪ ಕಿಂಡಿಯಲ್ಲಿ ನೋಡಿ ಕೂಗಿ ಹೇಳಿದ ಒಂದೊಂದು ಡಿಗ್ರಿಯನ್ನೂ ನಾನು ನೋಟ್‌ಬುಕ್ಕಿನ ಎಡಗಡೆ ಪುಟದಲ್ಲಿ ಬರೆದುಕೊಂಡೆ. ಹಾಳೆಗಳು ತಿಳಿಹಳದಿಯಾಗಿದ್ದವು, ಮೂಗಿಗೆ ಹಿಡಿದರೆ ಹೊಗೆಸೊಪ್ಪಿನ ಘಾಟು. ಸೋಮವಾರ ನಿಮ್ಮ ಮೇಜಿನ ಮೇಲಿಟ್ಟು 'ಯಾಕೋ ಸ್ವಲ್ಪ ಹಳದಿ ಆಗಿವೆ' ಎಂದೆ. ನೀವು ತಲೆ ಎತ್ತಲಿಲ್ಲ. 'ಗಾಮಾ ಬಿದ್ಮೇಲೆ ಎಂಗಿದ್ರೂ ಹಳ್ದಿ ಆಯ್ತವೆ, ಬುಡು' ಎಂದು ಕವರಿಗೆ ಹಾಕಿ ಅಂಟಿಸಿಬಿಟ್ಟಿರಿ.

ಕಿರಣ ತಾಗಿ ಬಂದ ಹಾಳೆಗಳನ್ನು ಎಳೆದು ನೋಡಿದಾಗ ಜೂನಿನ ಹಾಳೆಗಿಂತ ನೂರಕ್ಕೆ ನಲವತ್ತರಷ್ಟು ಗಟ್ಟಿ. ಬಣ್ಣವೂ ಬದಲು. ಲ್ಯಾಬಿನಲ್ಲಿ ಹಬ್ಬ. ನಮ್ಮ ಗೈಡು ನನ್ನನ್ನು ಕರೆದು, 'ಶಿವಶಂಕರನದು ಈ ವರ್ಷ ಮುಗೀಲೇಬೇಕು ಕಣಮ್ಮ. ಈ ಡೇಟಾ ಅವನಿಗಿರಲಿ. ನೀನು ನಿಧಾನಕ್ಕೆ ಇನ್ನೊಂದು ಮಾಡ್ಕೊ' ಎಂದರು. ನೀವು ಅಲ್ಲೇ ನಿಂತಿದ್ದಿರಿ. ಬೇಡ ಸಾರ್ ಎನ್ನಬಹುದಿತ್ತು. ತಕ್ಕಡಿಯ ಬಟ್ಟಲು ಒರೆಸುತ್ತಾ ನಿಂತಿರಿ.

ಆ ಶನಿವಾರವೂ ಬಸ್ಸಿನಲ್ಲಿ ಕರ್ಚೀಫು ಹಾಕಿದ್ದಿರಿ. ಅದೇ ನನಗೆ ಹೆಚ್ಚು ಉರಿಸಿದ್ದು. ಬಂದು ಕೂತೆ. 'ಏನೂ ಅನ್ಕಬ್ಯಾಡ ಕಣಮ್ಮಿ, ಮುಂದಿನ್ ಬ್ಯಾಚು ನಿಂದೇ' ಎಂದಿರಿ. ಮುಂದಿನ ಬ್ಯಾಚು ಬರಲೇ ಇಲ್ಲ. ಪುಡಿ ಮುಗಿಯುತ್ತಾ ಬಂದಿತ್ತು, ಗಾಮಾಕ್ಕೆ ಕಳಿಸುವ ಸರದಿ ನಿಮ್ಮದೇ ಉಳಿದ ಹಾಳೆಗಳಿಗೆ ಹೋಯಿತು, ನನ್ನ ವಿಷಯದಲ್ಲಿ ಹೊಸದೇನೂ ಉಳಿದಿಲ್ಲ ಎಂದು ಗೈಡು ಮುಖ ತಿರುಗಿಸಿದರು. ನೀವು ನನ್ನ ನೋಟ್‌ಬುಕ್ಕನ್ನು ಒಂದು ವಾರ ಇಟ್ಟುಕೊಂಡು ಬಲಗಡೆ ಪುಟದ ಅಂಕಿಗಳನ್ನೆಲ್ಲ ಇಳಿಸಿಕೊಂಡಿರಿ. ಎಡಗಡೆ ಪುಟದಲ್ಲಿ ಬ್ಯಾರನ್ನಿನ ಶಾಖ ಗಂಟೆಗಂಟೆಗೂ ಬರೆದಿತ್ತು. ಅತ್ತ ಕಣ್ಣು ಹಾಯಿಸಿದ್ದರೂ ಸಾಕಿತ್ತು.

ಎರಡು ಸಾವಿರದ ಆರರ ಆಗಸ್ಟಿನಲ್ಲಿ ನನಗೆ ಅನುಮಾನ ಬಂತು. ಲ್ಯಾಬಿನಲ್ಲಿ ನನಗೆ ಬೇರೆ ಕೆಲಸ ತಾನೆ ಏನಿತ್ತು? ಉಳಿದಿದ್ದ ಚೂರುಪಾರು ಪುಡಿಯಲ್ಲಿ ಎರಡು ತಟ್ಟೆ ಹುಯ್ದು ಬ್ಯಾರನ್ನಿಗೆ ಇಟ್ಟೆ. ಕಿರಣದ ಹತ್ತಿರಕ್ಕೂ ಅವನ್ನು ಒಯ್ಯಲಿಲ್ಲ. ಐದು ದಿನ ಬಿಟ್ಟು ತೆಗೆದರೆ ಅದೇ ಹಳದಿ. ಎಳೆದು ನೋಡಿದರೆ ಹೆಚ್ಚೂಕಡಿಮೆ ಅಷ್ಟೇ ಗಟ್ಟಿ. ನೀವು ಗಾಮಾ ಕಿರಣದ ಮಹಿಮೆ ಎಂದು ನೂರಾ ಎಂಬತ್ತು ಪುಟ ಬರೆಯುತ್ತಿದ್ದದ್ದರ ಬಹುಪಾಲು ನಮ್ಮಪ್ಪನ ಸೌದೆ ಒಲೆಯ ಮಹಿಮೆ. ನೀವು ಥೀಸಿಸ್ ಕೊಡುವುದಕ್ಕೆ ಇನ್ನೂ ಎರಡು ತಿಂಗಳಿತ್ತು. ಒಂದು ಮಾತು ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದಿರಿ. ಹೇಳಲಿಲ್ಲ. ನನಗೆ ಸಂತೋಷವಾಗಿತ್ತು, ಶಿವಶಂಕರ ಅವರೇ. ಬಾಯಿ ತುಂಬ ಬೆಲ್ಲ ಇಟ್ಟುಕೊಂಡವಳ ಹಾಗೆ ಎರಡು ತಿಂಗಳು ಓಡಾಡಿದೆ.

ವೈವಾಕ್ಕೆ ಒಂದು ವಾರ ಇರುವಾಗ ಮೈಸೂರುಪಾಕಿನ ಡಬ್ಬಿ ಹಿಡಿದು ನಮ್ಮ ಮನೆಗೆ ಬಂದಿರಿ. ನಮ್ಮವ್ವ ಸಿದ್ದಲಿಂಗಮ್ಮ ಮುದ್ದೆ, ಹುರುಳಿ ಸಾರು ಬಡಿಸಿದರು. ಉಣ್ಣುವಾಗ ಅಪ್ಪ ನಿಮ್ಮನ್ನು ಕೇಳಿದರು: 'ಅಷ್ಟು ದಪ್ಪ ಬುಕ್ಕು ಬರ್ದಿದ್ದೀಯಂತೆ, ನಮ್ ಬ್ಯಾರನ್ನಿನ ಇಚಾರನೂ ಬರ್ದಿದ್ದೀಯೇನಪ್ಪ ಅದ್ರಲ್ಲಿ?' ನನ್ನ ಕೈ ಸಾರಿನ ಬಟ್ಟಲಲ್ಲೇ ನಿಂತುಬಿಟ್ಟಿತು. ಯಾವ ಬ್ಯಾರನ್ನು ಎಂದು ನೀವು ಒಂದು ಮಾತು ಕೇಳಿದ್ದರೆ ಎಲ್ಲ ಹೊರಗೆ ಬರುತ್ತಿತ್ತು. ನೀವು ನಕ್ಕಿರಿ. ಓದುಬರಹ ಇಲ್ಲದ ಮುದುಕ ಏನೋ ತಮಾಷೆ ಮಾಡಿದ ಎಂದುಕೊಂಡು, 'ಬರ್ದಿಲ್ದೆ ಏನು ಸಣ್ಣಬೀರಣ್ಣ, ಮೊದ್ಲ ಪುಟದಲ್ಲೇ ಅದೆ' ಎಂದಿರಿ. ಅಪ್ಪ ನಂಬಿದರು. ಊರೆಲ್ಲ ಹೇಳಿಕೊಂಡು ಬಂದರು. ಅವತ್ತಿನ ತನಕ ನನ್ನ ಮನಸ್ಸು ಅತ್ತ ಇತ್ತ ಆಡುತ್ತಿತ್ತು, ಆ ನಗು ಕೇಳಿದ ಮೇಲೆ ಗಟ್ಟಿಯಾಯಿತು.

ವೈವಾದ ದಿನ ನಾನು ಕೊನೆ ಸಾಲಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ಪರೀಕ್ಷಕರು ಖುಷಿಯಾಗಿದ್ದರು. ಸಭೆಯಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದಾಗ ಎದ್ದು ನಿಂತೆ. ನನ್ನನ್ನು ನೋಡಿ ನಿಮ್ಮ ಮುಖ ಅರಳಿತು. ಪರಿಚಯದವಳು, ಸುಲಭದ ಪ್ರಶ್ನೆ ಕೇಳಿ ಸಹಾಯ ಮಾಡುತ್ತಾಳೆ ಎಂದುಕೊಂಡಿರಿ. ಪ್ರಶ್ನೆ ನಿಜವಾಗಿ ಸುಲಭದ್ದೇ ಇತ್ತು. ಕಿರಣಕ್ಕೆ ಕಳಿಸಿದ ಹಾಳೆಗಳನ್ನು ಎಲ್ಲಿ ಒಣಗಿಸಿದಿರಿ ಎಂದೆ.

'ವ್ಯಾಕ್ಯೂಮ್ ಓವನ್‌ನಲ್ಲಿ, ನಲವತ್ತು ಡಿಗ್ರಿ, ನಲವತ್ತೆಂಟು ಗಂಟೆ' ಎಂದಿರಿ. ಎಷ್ಟು ಸಲೀಸಾಗಿ ಹೇಳಿದಿರಿ! ಜುಲೈನಿಂದ ಅಕ್ಟೋಬರ್ ತನಕ ಓವನ್ ರಿಪೇರಿಯಲ್ಲಿತ್ತು ಎಂದು ರಿಜಿಸ್ಟರಿನಲ್ಲಿದೆ, ನೀವು ಆಗಸ್ಟಿನಲ್ಲಿ ಯಾವ ಓವನ್ನಿನಲ್ಲಿ ಒಣಗಿಸಿದಿರಿ ಎಂದೆ. ನೀವು ಗೈಡಿನ ಮುಖ ನೋಡಿದಿರಿ. ಅವರು ಫ್ಯಾನು ನೋಡುತ್ತಿದ್ದರು. ನಾನು ಮುಂದಕ್ಕೆ ಹೋಗಿ, ಅವು ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೆಂದ ಹಾಳೆಗಳು ಎಂದು ಹೇಳಿ, ಅಲ್ಲೇ ಬೆಂದ, ಕಿರಣ ಕಾಣದ ನನ್ನ ಹಳದಿ ಹಾಳೆಯನ್ನು ಪರೀಕ್ಷಕರ ಕೈಗೆ ಕೊಟ್ಟೆ. ಅವರು ಕಿಟಕಿಯ ಬೆಳಕಿಗೆ ಹಿಡಿದರು, ಆಮೇಲೆ ಮೂಸಿ ನೋಡಿದರು. ಯಾರೋ ಕಿಸಕ್ಕೆಂದರು. ಹೊಗೆಸೊಪ್ಪಿನ ಡಾಕ್ಟರು ಎಂಬ ಹೆಸರು ಸಂಜೆಯೊಳಗೆ ಇಡೀ ಹಾಸ್ಟೆಲಿನಲ್ಲಿ ನಿಮಗೆ ಬಿದ್ದಿತ್ತು. ಅದನ್ನು ಮೊದಲು ಆಡಿದವಳೂ ನಾನೇ. ಇಷ್ಟು ದಿನ ಬೇರೆ ಯಾರೋ ಎಂದುಕೊಂಡಿದ್ದರೆ ಈಗ ತಿಳಿದಿರಲಿ.

ಬ್ಯಾರನ್ನಿನ ಶಾಖದಿಂದ ಆದದ್ದೆಷ್ಟು, ಪುಡಿಯಿಂದ ಮತ್ತು ಕಿರಣದಿಂದ ಆದದ್ದೆಷ್ಟು ಎಂದು ಬೇರ್ಪಡಿಸಿ ತೋರಿಸಿ ಎಂದು ಪರೀಕ್ಷಕರು ನಿಮಗೆ ಎರಡು ವರ್ಷ ಕೊಟ್ಟರು. ನೀವು ಲ್ಯಾಬಿನಲ್ಲಿ ಮತ್ತೆ ಮತ್ತೆ ಮಾಡಿ ಸೋತದ್ದನ್ನು ಅಲ್ಲಿನ ಟೆಕ್ನಿಷಿಯನ್ ಸುನೀಲ್‌ಕುಮಾರ್ ಹೇಳುತ್ತಿದ್ದ. ಬ್ಯಾರನ್ನಿನ ಶಾಖದ ವಿವರವಿಲ್ಲದೆ ಹಳೆಯ ಹಾಳೆಯ ಗುಟ್ಟು ಬಿಡಿಸುವುದು ನಿಮ್ಮಿಂದ ಆಗುವುದಿಲ್ಲ ಎಂದು ಗೊತ್ತಿದ್ದೇ ನಾನು ಹೆಗ್ಗಡದೇವನಕೋಟೆಗೆ ಲೆಕ್ಚರರ್ ಆಗಿ ಬಂದೆ.

ಇನ್ನು ಮುಂದಿನದನ್ನು ಕೂತುಕೊಂಡು ಓದಿ.

ಹೋದ ವರ್ಷ ಆಗಸ್ಟಿನಲ್ಲಿ ಆ ಬೇರ್ಪಡಿಸುವ ಪ್ರಯೋಗವನ್ನು ನಾನೇ ಸರಿಯಾಗಿ ಮಾಡಿದೆ. ನಿಮ್ಮದು ಪೂರ್ತಿ ಸುಳ್ಳು ಎಂದು ಬರಹದಲ್ಲಿ ನೋಡುವ ಆಸೆ ನನಗೆ. ಪುಡಿ ಹಾಕದ್ದು, ನೂರಕ್ಕೆ ಒಂದು ಹಾಕಿದ್ದು, ಐದು ಹಾಕಿದ್ದು, ಎಲ್ಲ ತಟ್ಟೆಗಳನ್ನೂ ಒಂದೇ ಬ್ಯಾರನ್ನಿನಲ್ಲಿ, ಒಂದೇ ಹಲಗೆಯ ಮೇಲೆ, ಒಂದೇ ಐದು ದಿನ ಇಟ್ಟೆ. ಅರ್ಧ ಹಾಳೆಗಳನ್ನು ಸುನೀಲ್‌ಕುಮಾರ್ ಬೇರೆಯವರ ಸರದಿಯಲ್ಲಿ ಸೇರಿಸಿ ಗಾಮಾಕ್ಕೆ ಕಳಿಸಿಕೊಟ್ಟ, ಅರ್ಧ ಹಾಗೇ ಉಳಿದವು. ಎಲ್ಲವನ್ನೂ ಅವನೇ ಮೆಷಿನ್ನಿಗೆ ಹಾಕಿ ಎಳೆದು ಅಂಕಿ ಕೊಟ್ಟ. ಐದು ಹಾಕಿದ್ದು ಪುಡಿ ಗಂಟುಗಟ್ಟಿ ಹರಿಯಿತು. ಹೆಚ್ಚು ಕಿರಣ ಬಿದ್ದದ್ದು ಹಪ್ಪಳದ ಹಾಗೆ ಮುರಿಯಿತು. ನೂರಕ್ಕೆ ಒಂದೇ ಹಾಕಿ ಮಿತವಾಗಿ ಕಿರಣ ಬಿಟ್ಟದ್ದು, ಬ್ಯಾರನ್ನಿನ ಪಾಲೆಲ್ಲ ಕಳೆದ ಮೇಲೂ, ನೂರಕ್ಕೆ ಹದಿನಾಲ್ಕರಷ್ಟು ಗಟ್ಟಿಯಾಗಿತ್ತು. ಮೂರು ಸಲ ನೋಡಿದೆವು. ಮೂರು ಸಲವೂ ಹದಿನಾಲ್ಕರ ಆಸುಪಾಸು.

ಅಂದರೆ ನೀವು ಹೇಳಿದ್ದು ನಿಜ. ನಲವತ್ತಲ್ಲ, ಹದಿನಾಲ್ಕು. ಒಂದು ಡಾಕ್ಟರೇಟಿಗೆ ಹದಿನಾಲ್ಕು ಬೇಕಾದಷ್ಟಾಯಿತು. ಈ ಅಂಕಿ ನನ್ನ ಕೈಗೆ ಬಂದದ್ದು ಫೆಬ್ರವರಿ ಐದರಂದು. ನಿಮಗೆ ಇನ್ನೂ ಐವತ್ತು ದಿನಕ್ಕೆ ಮೇಲೆ ಉಳಿದಿತ್ತು. ಒಂದು ಕವರಿಗೆ ಹಾಕಿ ಅಂಚೆ ಡಬ್ಬಿಗೆ ಬಿಟ್ಟಿದ್ದರೆ ಮುಗಿದಿತ್ತು. ಡಬ್ಬಿ ನಮ್ಮ ಕಾಲೇಜಿನ ಗೇಟಿನಲ್ಲೇ ಇದೆ. ದಿನಕ್ಕೆ ಎರಡು ಸಲ ಅದರ ಮುಂದೆ ಓಡಾಡಿದೆ. ನನ್ನ ಹೆಸರಿನಲ್ಲಿ ಬರೆದು ಎಲ್ಲೂ ಅಚ್ಚು ಹಾಕಿಸಿಲ್ಲ, ಹಾಕಿಸುವುದೂ ಇಲ್ಲ. ನನಗೂ ಬೇಡ, ನಿಮಗೂ ಸಿಗಬಾರದು, ಅಷ್ಟೇ ಇದ್ದದ್ದು.

ಮಾರ್ಚ್ ಮೂವತ್ತೊಂದರ ಸಂಜೆ ಐದು ಗಂಟೆಗೆ ಆಫೀಸು ಮುಚ್ಚುವುದನ್ನು ಗಡಿಯಾರ ನೋಡಿ ಕಾದೆ. ತುಂಬ ಖುಷಿಯಾಗುತ್ತದೆ ಎಂದುಕೊಂಡಿದ್ದೆ. ಹಸಿವಾಯಿತು, ಹೋಗಿ ಊಟ ಮಾಡಿದೆ.

ಈ ಕಾಗದ ಬರೆಯುವ ಉದ್ದೇಶವೂ ನನಗಿರಲಿಲ್ಲ. ನೀವು ಸಾಯುವ ತನಕ ನಿಮ್ಮದು ಸುಳ್ಳು ಎಂದೇ ತಿಳಿದುಕೊಂಡಿರಿ ಎಂದು ಬಿಟ್ಟುಬಿಡುತ್ತಿದ್ದೆ. ಬರೆಸುತ್ತಿರುವವರು ಅಪ್ಪ.

ನಿಮ್ಮ ಕಾಗದವನ್ನು ಜನವರಿಯಲ್ಲೇ ಅವರಿಗೆ ಓದಿ ಹೇಳಿದ್ದೆ, ನೀವು ಕೈಮುಗಿದದ್ದನ್ನು ಯಾರಿಗಾದರೂ ತೋರಿಸಬೇಕಿತ್ತಲ್ಲ, ಅದಕ್ಕೆ. ಅವರು ಬೇರೆಯದನ್ನೇ ಕೇಳಿಸಿಕೊಂಡರು. 'ನಾನು ಅವತ್ತು ಬಾಗ್ಲು ತಗ್ದಿದ್ರೆ ಆ ಮಗ ಇಂಗೆ ಆಯ್ತಿರ್ನಿಲ್ಲ ಕಣವ್ವ. ನಮ್ ಸೊಪ್ಪು ಉಳುಸ್ಕಳಕೋಗಿ ಅವ್ನ್ ಓದು ಸುಟ್ವಲ್ಲ. ಇವತ್ತೇ ಕಳ್ಸ್‌ಬುಡು' ಎಂದರು. ಕಳಿಸಿದೆ ಎಂದು ಸುಳ್ಳು ಹೇಳಿದೆ. ಅಲ್ಲಿಂದ ಪ್ರತಿ ಶನಿವಾರ ಊರಿಗೆ ಹೋದಾಗಲೂ ಚೀಲ ಇಳಿಸುವ ಮೊದಲೇ ಕೇಳುತ್ತಾರೆ, ಆ ಹುಡುಗನಿಂದ ಉತ್ತರ ಬಂತಾ ಎಂದು. ಇಲ್ಲ ಎನ್ನುತ್ತೇನೆ. ಕಾಗದ ಓದುವಾಗ ತಾರೀಖು ಬಿಟ್ಟು ಓದಿದ್ದೆ, ಗಡುವು ಯಾವತ್ತು ಎಂದು ಕೇಳಿದ್ದರು. ಮೇ ಕೊನೆಗೆ ಎಂದುಬಿಟ್ಟಿದ್ದೆ.

ಮೊನ್ನೆ ಶನಿವಾರ ಅವರು ನನ್ನ ಟ್ರಂಕು ತೆಗೆದು ನೋಟ್‌ಬುಕ್ಕನ್ನೂ ಹಾಳೆಗಳನ್ನೂ ಹುಡುಕಿ ಆಚೆಗಿಟ್ಟಿದ್ದರು. ಕಳಿಸಲೇ ಇಲ್ಲ ಎಂದು ಅವರಿಗೆ ಗೊತ್ತಾಯಿತು. ಬೈಯಲಿಲ್ಲ. ಮರೆತಿರಬೇಕು ಬುಡು ಎಂದರು. ನನ್ನ ಮೇಲೆ ಅವರಿಗೆ ಅಷ್ಟು ನಂಬಿಕೆ. ಹೊಸ ಅಂಕಿಗಳ ಹಾಳೆಯನ್ನು ತೋರಿಸಿ ಇದೇನು ಎಂದು ಕೇಳಿದರು. ಆ ಹುಡುಗ ಹೇಳಿದ್ದು ನಿಜ ಎಂದು ತೋರಿಸುವ ಲೆಕ್ಕ ಎಂದೆ, ಬೇರೆ ಏನು ಹೇಳಲಿ ಎಂದು ತೋಚಲಿಲ್ಲ. ಅಪ್ಪ ಅಳುತ್ತಾ ಎಲ್ಲವನ್ನೂ ಟವೆಲಿನಲ್ಲಿ ಗಂಟು ಕಟ್ಟಿದರು. ಅಂಚೆಯವರನ್ನೂ ನಂಬುವುದಿಲ್ಲವಂತೆ, ನನಗೂ ಕೊಡುವುದಿಲ್ಲವಂತೆ. ಈ ಭಾನುವಾರ ತಾವೇ ಕಂಪಲಾಪುರಕ್ಕೆ ತಂದು ನಿಮ್ಮ ಕೈಗೆ ಕೊಡುತ್ತಾರೆ.

ತಡವಾಗಿ ಹೋಗಿದೆ ಎಂದು ಅವರಿಗೆ ಗೊತ್ತಿಲ್ಲ. ನಿಮ್ಮನ್ನು ಹಾಳು ಮಾಡಲು ನನಗೆ ಎಷ್ಟು ಧೈರ್ಯವಿತ್ತು, ಅವರ ಮುಂದೆ ಒಂದು ತಾರೀಖು ಹೇಳಲು ಇಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಅವರು ಬಂದಾಗ ಗಂಟನ್ನು ತೆಗೆದುಕೊಳ್ಳಿ. ಬಿಚ್ಚಿ ನೋಡಿ. ಸಮಯಕ್ಕೆ ಸರಿಯಾಗಿ ತಂದಿರಿ, ಇದರಿಂದ ನನಗೆ ಡಾಕ್ಟರೇಟು ಸಿಗುತ್ತದೆ ಎನ್ನಿ. ಒಂದು ಸಲ ಅವರ ಮುಂದೆ ನಗುನಗುತ್ತಾ ಸುಳ್ಳು ಹೇಳಿದವರು ನೀವು, ಇನ್ನೊಂದು ಸಲ ಹೇಳುವುದು ಕಷ್ಟವಾಗಲಾರದು. ನನಗಾಗಿ ಮಾಡಬೇಡಿ. ನನಗಾಗಿ ಏನೂ ಮಾಡಬೇಕಾಗಿಲ್ಲ ಎಂದು ನನಗೂ ಗೊತ್ತಿದೆ. ಮನಸ್ಸು ಬಾರದಿದ್ದರೆ ಈ ಕಾಗದವನ್ನೇ ಅವರ ಮುಂದೆ ಓದಿಬಿಡಿ. ಆಗ ನಾವಿಬ್ಬರೂ ಸಮ, ನಾನು ತಕರಾರು ಮಾಡುವುದಿಲ್ಲ. ಭಾನುವಾರ ಸಂಜೆ ಅವರು ಮನೆಗೆ ಬಂದಾಗ ನಾನು ಬಾಗಿಲಲ್ಲೇ ಇರುತ್ತೇನೆ. ನೀವು ಯಾವುದನ್ನು ಮಾಡಿದಿರಿ ಎಂದು ಅವರ ಮುಖ ನೋಡಿ ತಿಳಿದುಕೊಳ್ಳುತ್ತೇನೆ.

ಹುಣಸೂರಿನಿಂದ ಹತ್ತೂವರೆಯ ಬಸ್ಸಿಗೆ ಬರುತ್ತಾರೆ. ಸಕ್ಕರೆ ಕಾಯಿಲೆ ಇದೆ, ಕಾಫಿ ಕೊಟ್ಟರೆ ಸಪ್ಪೆ ಕೊಡಿ.

ನಿಮ್ಮ ಕೈಯಲ್ಲಿ ಓದುವ ಮಕ್ಕಳಿಗೆ ಒಳ್ಳೆಯದಾಗಲಿ,
ಕಟ್ಟೆಮಳಲವಾಡಿಯ ಸಣ್ಣಬೀರಯ್ಯನವರ ಮಗಳು
ಶಾಂತಲಾ